ವಾಕ್ಯರೂಪದ ಲೆಕ್ಕಗಳನ್ನು ಓದಲು ಕಲಿಸುವ ಬಗೆ

ಕೂಡುವುದನ್ನೂ ಕಳೆಯುವುದನ್ನೂ ಚೆನ್ನಾಗಿ ಬಲ್ಲ ನಾಲ್ಕನೆಯ ತರಗತಿಯ ಮಗುವಿಗೆ ಈ ಲೆಕ್ಕ ಕೊಟ್ಟು ನೋಡಿ: “ಗಿರಿಜೆಯ ಬಳಿ 24 ಮಾವಿನಹಣ್ಣುಗಳಿವೆ. ಅವು ಸುಮಳ ಬಳಿ ಇರುವುದಕ್ಕಿಂತ 6 ಹೆಚ್ಚು. ಸುಮಳ ಬಳಿ ಎಷ್ಟಿವೆ?” ‘ಹೆಚ್ಚು’ ಎಂಬ ಪದ ಕಣ್ಣಿಗೆ ಬಿದ್ದೊಡನೆ ಹಲವು ಮಕ್ಕಳು 30 ಎಂದು ಬರೆದುಬಿಡುತ್ತಾರೆ. ಕೂಡಿದ್ದು ಸರಿಯಾಗಿಯೇ ಇದೆ. ವಾಕ್ಯವನ್ನು ಓದಿದ್ದು ತಪ್ಪಾಗಿದೆ. ‘ಒಟ್ಟು ಎಂದರೆ ಕೂಡು, ಉಳಿದದ್ದು ಎಂದರೆ ಕಳೆ’ ಎಂದು ಹಿರಿಯರಾದ ನಾವೇ ತೋರಿಸಿಕೊಟ್ಟ ಅಡ್ಡದಾರಿ ಇದಕ್ಕೆ ಬಹುಮಟ್ಟಿಗೆ ಕಾರಣವಾದ್ದರಿಂದ, ಮೊದಲು ಅದನ್ನು ಕೈಬಿಡಬೇಕು.

ಕನ್ನಡದಲ್ಲಿ ಲೆಕ್ಕದ ಜೀವ ಅನೇಕ ವೇಳೆ ಪದದ ತುದಿಯಲ್ಲಿರುತ್ತದೆ. 60 ರೂಪಾಯಿ ಇದ್ದ ಟೊಮೆಟೊ ಬೆಲೆ ‘20 ರೂಪಾಯಿಗೆ ಇಳಿಯಿತು’ ಎಂದರೆ ಈಗಿನ ಬೆಲೆ 20. ‘20 ರೂಪಾಯಿಯಷ್ಟು ಇಳಿಯಿತು’ ಎಂದರೆ 40. ಅಂಕಿಗಳು ಎರಡರಲ್ಲಿಯೂ ಒಂದೇ. ಅಂಕಿಗಳನ್ನು ಮಾತ್ರ ಹೆಕ್ಕಿಕೊಳ್ಳುವ ಮಗುವಿಗೆ ಈ ಎರಡು ಲೆಕ್ಕಗಳ ನಡುವೆ ಯಾವ ವ್ಯತ್ಯಾಸವೂ ಕಾಣದು. ಇಂಥ ಜೋಡಿ ವಾಕ್ಯಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ‘ಗೆ’, ‘ಅಷ್ಟು’, ‘ಗಿಂತ’ಗಳ ಕೆಳಗೆ ಗೆರೆ ಎಳೆಸಿ, ಅರ್ಥ ಹೇಗೆ ಬದಲಾಯಿತೆಂದು ಮಕ್ಕಳಿಂದಲೇ ಹೇಳಿಸಿರಿ. ಇದಕ್ಕೆ ಒಂದು ಇಡೀ ತರಗತಿಯ ಅವಧಿ ಹಿಡಿದರೂ ಅದು ವ್ಯರ್ಥವಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಅನಂತರ ಅಂಕಿಗಳನ್ನು ಮುಚ್ಚಿ ಲೆಕ್ಕವನ್ನು ಓದಿಸಿರಿ. “ಗಿರಿಜೆಯ ಬಳಿ ಕೆಲವು ಹಣ್ಣುಗಳಿವೆ, ಅವು ಸುಮಳ ಹಣ್ಣುಗಳಿಗಿಂತ ಹೆಚ್ಚು” ಎಂದಷ್ಟೇ ಉಳಿದಾಗ, ಕೂಡಲು ಏನೂ ಸಿಗದ ಮಗು ಯಾರ ಬಳಿ ಹೆಚ್ಚಿದೆ ಎಂದು ಯೋಚಿಸಲೇಬೇಕಾಗುತ್ತದೆ. ಅದನ್ನು ಮನೆಮಾತಿನಲ್ಲಿಯೇ ಹೇಳಲಿ. ಪುಸ್ತಕದ ಭಾಷೆಗಾಗಿ ಒತ್ತಾಯಿಸಬೇಡಿ. ಬಳಿಕ ಗಿರಿಜೆಯ ಹಣ್ಣುಗಳಿಗೆ ಉದ್ದದ ಪಟ್ಟೆ, ಸುಮಳ ಹಣ್ಣುಗಳಿಗೆ ಗಿಡ್ಡ ಪಟ್ಟೆ ಎಳೆಸಿ, ಅಂಕಿಗಳನ್ನು ಆಗ ತೆರೆದು ತೋರಿಸಿದರೆ 18 ಎಂಬ ಉತ್ತರ ಚಿತ್ರದಲ್ಲಿಯೇ ಕಾಣುತ್ತದೆ.

ಬಂದ ಉತ್ತರವನ್ನು ಮತ್ತೆ ವಾಕ್ಯದೊಳಗಿಟ್ಟು ಓದಿಸುವುದು ಕೊನೆಯ ಕೆಲಸ. 1983ರಲ್ಲಿ ವರದಿಯಾದ ಅಮೆರಿಕದ ರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ, ಬಸ್ಸಿಗೆ 36 ಮಂದಿಯಂತೆ 1,128 ಸೈನಿಕರನ್ನು ಕರೆದೊಯ್ಯಲು ಎಷ್ಟು ಬಸ್ಸು ಬೇಕೆಂದು 13 ವರ್ಷದ ಮಕ್ಕಳನ್ನು ಕೇಳಿದಾಗ, ಬಹಳಷ್ಟು ಮಂದಿ ‘31, ಶೇಷ 12’ ಎಂದು ಬರೆದಿದ್ದರು. ಭಾಗಾಕಾರ ಸರಿಯಿತ್ತು. ಆ 12 ಮಂದಿ ಯಾವುದರಲ್ಲಿ ಹೋಗುತ್ತಾರೆ ಎಂದು ಪಕ್ಕದಲ್ಲಿ ಕುಳಿತು ಕೇಳುವವರಿದ್ದರೆ, ಆ ಮಕ್ಕಳಲ್ಲಿ ಹಲವರು ತಾವಾಗಿಯೇ 32 ಎಂದು ತಿದ್ದುತ್ತಿದ್ದರೇನೋ.