ಇಸಿಎಂ ಹೋಗೈತಿ ಅನ್ನೂಕಿಂತ ಮೊದ್ಲ ಅರ್ಥ್ ನೋಡ್ರಿ

ನವನಗರದಾಗ ನಮ್ಮ ಹಿಂದಿನ ಗಲ್ಲಿಯವ್ರ ಕಾರು ಒಂದಿನ ಮುಂಜಾನೆ ಚಾಲೂನ ಆಗ್ಲಿಲ್ಲ. ಗ್ಯಾರೇಜಿನ್ಯಾಗ "ಇಸಿಎಂ ಸುಟ್ಟೈತ್ರಿ" (ಅಂದ್ರ ಇಂಜಿನ್ ನಡಸೂ ಕಂಪ್ಯೂಟರ್ ಡಬ್ಬಿ) ಅಂದ್ರು, ಗುಜರಿಯಿಂದ ಬ್ಯಾರೆ ತಂದು ಹಾಕಿದ್ರು, ಆಗೂ ಗಾಡಿ ಜಪ್ಪಯ್ಯ ಅನ್ಲಿಲ್ಲ. ಕಡೀಕ ನೋಡಿದ್ರ ಬ್ಯಾಟರಿ ಕೆಳಗಿನ ಅರ್ಥ್ ಬೋಲ್ಟಿಗೆ (ಮೈನಸ್ ವೈರ್ ಗಾಡಿ ಮೈಗೆ ಕೂಡೂ ಜಾಗ) ಹಸರು ಕಿಲುಬು! ಅದನ್ನ ತಿಕ್ಕಿ, ಹಳೆ ಇಸಿಎಂನ ತಿರುಗಿ ಹಾಕಿದ್ಮ್ಯಾಲ ಒಂದ ಸಲ ಸೆಲ್ಫ್ (ಸ್ಟಾರ್ಟರ್) ಹೊಡದ್ರ ಚಾಲೂ ಆತು.

ಮೊದ್ಲ ಬ್ಯಾಟರಿ. ಗಾಡಿ ಬಂದ್ ಇದ್ದಾಗ 12.6 ವೋಲ್ಟ್ ಆಸುಪಾಸು ಇರ್ಬೇಕು, ಸೆಲ್ಫ್ ಹೊಡಿಯೂವಾಗ 9.6ಕ್ಕಿಂತ ಕೆಳಗ ಬಿದ್ರ ಇಸಿಎಂ ಸುದ್ದಿನ ಬ್ಯಾಡ. ಆಮ್ಯಾಲ ಚಾವಿ ಆನ್ ಮಾಡಿ ಡ್ಯಾಶ್‌ಬೋರ್ಡಿನ ಇಂಜಿನ್ ಚೆಕ್ ಲೈಟ್ ಹತ್ತತೈತೇನು ನೋಡ್ರಿ. ಹತ್ಲಿಲ್ಲಂದ್ರ ಫ್ಯೂಸು, ಮೇನ್ ರಿಲೇ (ಇಸಿಎಂಗೆ ಕರೆಂಟ್ ಕೊಡೂ ಸ್ವಿಚ್) ನೋಡ್ರಿ.

ಈಗ ಅರ್ಥ್. ಎಲ್ಲಾರೂ ಎಡವೂದು ಇಲ್ಲೇ. ಮಲ್ಟಿಮೀಟರ್ ಓಮ್ಸಿಗೆ ಇಟ್ಟು "ಬೀಪ್ ಬಂತು, ಅರ್ಥ್ ಸರಿ ಐತಿ" ಅಂತಾರ, ಆದ್ರ ವೈರಿನೊಳಗ ಒಂದ ಎಳಿ ತಾಮ್ರ ಉಳಿದಿದ್ರೂ ಬೀಪ್ ಬರತೈತಿ, ಕರೆಂಟ್ ಹರಿಯೂವಾಗ ಮಾತ್ರ ಅದರ ಬಣ್ಣ ಬಯಲಾಗೂದು. ಅದಕ್ಕ ಮೀಟರ್ ಡಿಸಿ ವೋಲ್ಟಿಗೆ ಇಡ್ರಿ, ಕರಿ ವೈರ್ ಬ್ಯಾಟರಿ ಮೈನಸ್ ಕಂಬಕ್ಕ (ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕ), ಕೆಂಪು ವೈರ್ ಇಸಿಎಂ ಕಪ್ಲರಿನ (ವೈರ್ ಕೂಡಸೂ ಪ್ಲಗ್ಗಿನ) ಅರ್ಥ್ ಪಿನ್ನಿಗೆ, ಕಪ್ಲರ್ ಕಳಚದಂಗ ಹಿಂದಿನಿಂದ ಸಣ್ಣ ಪಿನ್ ತೂರಿಸಿ. ಯಾವ ಪಿನ್ ಅನ್ನೂದಕ್ಕ ಆ ಗಾಡಿದ ವೈರಿಂಗ್ ನಕ್ಷೆ ಬೇಕ ಬೇಕು, ಅಂದಾಜಿನ ಮ್ಯಾಲ ಚುಚ್ಚಬ್ಯಾಡ್ರಿ. ಹೆಡ್‌ಲೈಟ್ ಹಾಕಿ, ಒಬ್ರಿಗೆ ಸೆಲ್ಫ್ ಹೊಡಿ ಅಂತ ಹೇಳ್ರಿ. 0.1 ವೋಲ್ಟಿನೊಳಗ ಇದ್ರ ಅರ್ಥ್ ಚಲೋ ಐತಿ, ಅರ್ಧ ವೋಲ್ಟ್ ಅದೂ ಇದೂ ತೋರಿಸಿದ್ರ ಕಳ್ಳ ಸಿಕ್ಕ. ಬೋಲ್ಟ್ ಬಿಚ್ಚಿ, ತಗಡು ಫಳಫಳ ಅನ್ನೂತನಕ ಉಸುಕಿನ ಕಾಗದದಿಂದ ತಿಕ್ಕಿ, ಬಿಗಿ ಮಾಡಿ, ಮ್ಯಾಲ ವ್ಯಾಸಲೀನ್ ಹಚ್ರಿ. ಬಿಚ್ಚದ ಮ್ಯಾಲಿಂದ ಮ್ಯಾಲ ಸ್ಪ್ರೇ ಹೊಡದು ಕೈ ತೊಳಕೊಳ್ಳೂದು ನನಗಂತೂ ಸೇರೂದಿಲ್ಲ. ವೈರಿನ ರಬ್ಬರಿಗೆ ಸೂಜಿ ಚುಚ್ಚಿ ನೋಡೂದೂ ಬ್ಯಾಡ, ಆ ತೂತಿನ್ಯಾಗ ನೀರು ಇಳದು ಮುಂದಿನ ಮಳಿಗಾಲಕ್ಕ ಒಳಗೊಳಗ ಕೊಳಿತೈತಿ.

ಇಸಿಎಂನಿಂದ ಸೆನ್ಸಾರಿಗೆ ಹೋಗೂ 5 ವೋಲ್ಟ್ ಬರವಲ್ದಂದ್ರ ಒಂದೊಂದ ಸೆನ್ಸಾರ್ ಕಪ್ಲರ್ ಕಳಚ್ರಿ. ಯಾವುದು ಕಳಚಿದ ಕೂಡ್ಲೆ 5 ತಿರುಗಿ ಬಂತೋ ಅದ ಸೆನ್ಸಾರ್ ಶಾರ್ಟ್ ಆಗಿರತೈತಿ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹೊಲದ ಬಾಜೂ ಗಾಡಿ ನಿಂದ್ರಸೂವ್ರು ವೈರ್ ಇಲಿ ಕಡದೈತೇನು ಅಂತನೂ ನೋಡ್ರಿ.

ಇಷ್ಟೆಲ್ಲಾ ಸರಿ ಇದ್ದೂ ಸ್ಕ್ಯಾನರಿನ್ಯಾಗ ಪಿ0606 (ಇಸಿಎಂ ಒಳಗಿನ ಪ್ರೊಸೆಸರ್ ದೋಷದ ಕೋಡ್) ಪದೇ ಪದೇ ಬಂದ್ರ, ಆಗ ಇಸಿಎಂ ಮ್ಯಾಲ ಅನುಮಾನ ಪಡ್ರಿ. ಬ್ಯಾಟರಿ ಮೈನಸ್ ತಗದು ಡಬ್ಬಿ ಬಿಚ್ರಿ. ಉಬ್ಬಿದ ಕೆಪಾಸಿಟರ್, ಕರ್ರಗಾದ ಇಗ್ನಿಷನ್ ಡ್ರೈವರ್ (ಪ್ಲಗ್ಗಿಗೆ ಕಿಡಿ ಕೊಡೂ ಕಾಯಿಲ್ ನಡಸೂ ಚಿಪ್) ಕಣ್ಣಿಗೇ ಕಾಣತಾವ. ಡ್ರೈವರ್ ಬದಲ್ಸೂ ಮೊದ್ಲ ಅದು ನಡಸೂ ಕಾಯಿಲ್‌ದ ಓಮ್ಸ್ ಅಳೀರಿ, ಕಾಯಿಲ್ ಶಾರ್ಟ್ ಇದ್ರ ಹೊಸಾದೂ ಸುಟ್ಟು ಹೋಗತೈತಿ. ಬೋರ್ಡಿನ ಕೆಲಸ ಕೈಗೆ ಕೂಡದವ್ರು ರಿಪೇರಿಯವ್ರಿಗೆ ಕೊಡ್ರಿ, ಆದ್ರ ನಿಮ್ಮ ಇಸಿಎಂನ ರಿಪೇರಿ ಮಾಡಿ ಕೊಡ್ರಿ ಅಂತ ಹಟ ಹಿಡೀರಿ, ಯಾಕಂದ್ರ ಚಾವಿಯ ಗುರ್ತು ಅದರಾಗ ಇರತೈತಿ, ಗುಜರಿದು ಹಂಗ ಹಾಕಿದ್ರ ಇಮೊಬಿಲೈಸರ್ (ಕಳ್ಳತನ ತಡಿಯೂ ಲಾಕ್) ಗಾಡಿ ಚಾಲೂ ಆಗಾಕ ಬಿಡೂದಿಲ್ಲ.

ಡಬ್ಬಿ ಮುಚ್ಚೂವಾಗ ಹಳೆ ಸೀಲ್ ಪೂರಾ ಕೆರೀರಿ, ಖಾನಾಪುರ ಕಡೆ ಮಳಿಯಾಗ ಅಡ್ಯಾಡೂವ್ರಂತೂ ಬಿಡಬ್ಯಾಡ್ರಿ. ಹೊಸ ಸಿಲಿಕಾನ್ ತರೂವಾಗ ಮೂಸಿ ನೋಡ್ರಿ, ವಿನೆಗರ್ ಹಂಗ ಹುಳಿ ವಾಸನಿ ಹೊಡದ್ರ ತಿರುಗಿ ಕೊಡ್ರಿ, ಅದು ಬೋರ್ಡಿನ ತಾಮ್ರ ತಿಂತೈತಿ.