ಸಾಧನೆಯ ಸುದ್ದಿ ಬರೆಯುವುದನ್ನು ನಾವು ರೂಢಿಸಿಕೊಂಡ ಬಗೆ

ನಾನು ಕಲಿಸುವುದು ಸಮುದಾಯ ಆರೋಗ್ಯ ನರ್ಸಿಂಗ್. ನಮ್ಮದು ಕರ್ನಾಟಕದ ಒಂದು ಡೀಮ್ಡ್ ವಿಶ್ವವಿದ್ಯಾಲಯ, ಅಂದರೆ ತಾನೇ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆ. ಒಂದೇ ಆವರಣದಲ್ಲಿ ಶಿಕ್ಷಣ ಮಹಾವಿದ್ಯಾಲಯವೂ ನರ್ಸಿಂಗ್, ಫಿಸಿಯೋಥೆರಪಿ, ಸಾರ್ವಜನಿಕ ಆರೋಗ್ಯ ವಿಭಾಗಗಳೂ ಇವೆ. ಶಿಕ್ಷಣ ಮತ್ತು ಆರೋಗ್ಯ ಎಂಬ ಈ ಎರಡೂ ನಿಕಾಯಗಳ ಅರ್ಧವಾರ್ಷಿಕ ವಾರ್ತಾಪತ್ರವನ್ನು ಸಂಪಾದಿಸುವ ಹೊಣೆ ಕೆಲವು ವರ್ಷಗಳಿಂದ ನನ್ನ ಮೇಲಿದೆ. ಪಾಠ, ಕ್ಷೇತ್ರಕಾರ್ಯ, ಪರೀಕ್ಷೆಗಳ ನಡುವೆ ಮಾಡಬೇಕಾದ ಈ ಕೆಲಸವನ್ನು ಹಲವರು ಕಾಗದಪತ್ರದ ಹೊರೆಯೆಂದೇ ಎಣಿಸುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ಶಾಲೆಯ ಮಗುವಿಗೋ ವಾರ್ಡಿನ ರೋಗಿಗೋ ಏನು ದಕ್ಕಿತು ಎಂಬುದನ್ನು ಹೇಳದ ಸುದ್ದಿ ನಮ್ಮ ಈ ಎರಡು ವೃತ್ತಿಗಳ ಮಟ್ಟಿಗೆ ಸಾಧನೆಯ ಸುದ್ದಿಯೇ ಅಲ್ಲ ಎಂದು ನಂಬಿ ನಾನು ಈ ಕೆಲಸ ಮಾಡುತ್ತ ಬಂದಿದ್ದೇನೆ. ಅದನ್ನು ಮಾಡಿದ್ದು ಹೇಗೆ ಎಂಬುದನ್ನು, ಇಂಥದೇ ಹೊಣೆ ಹೊತ್ತಿರುವ ಬೇರೆ ಕಾಲೇಜುಗಳ ಸಹೋದ್ಯೋಗಿಗಳಿಗೆ ಉಪಯೋಗವಾದೀತೆಂದು, ಇಲ್ಲಿ ಬರೆಯುತ್ತಿದ್ದೇನೆ.

ವಿಭಾಗಗಳಿಂದ ಬರುವ ವರದಿಗಳು ಸಾಮಾನ್ಯವಾಗಿ ಒಂದೇ ಅಚ್ಚಿನವು. ದೀಪ ಬೆಳಗಿಸಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ವಂದಿಸಿದವರು ಎಲ್ಲರೂ ಅದರಲ್ಲಿ ಇರುತ್ತಾರೆ. ಕಾರ್ಯಕ್ರಮ ಯಾರಿಗಾಗಿ ನಡೆಯಿತೋ ಅವರು ಮಾತ್ರ 'ನೂರಾರು ಜನ ಪ್ರಯೋಜನ ಪಡೆದರು' ಎಂಬ ಕೊನೆಯ ಸಾಲಿನಲ್ಲಿ ಸೇರಿಹೋಗಿರುತ್ತಾರೆ. ಇದು ಬರೆದವರ ತಪ್ಪಲ್ಲ, ನಾವು ಕೇಳುತ್ತಿದ್ದ ರೀತಿಯೇ ಹಾಗಿತ್ತು. ಅದಕ್ಕಾಗಿ ವರದಿಯ ಜೊತೆ ತುಂಬಿ ಕೊಡಬೇಕಾದ ಒಂದು ಪುಟದ ನಮೂನೆಯನ್ನು ವಿಭಾಗಗಳಿಗೆ ಕಳಿಸಲು ಆರಂಭಿಸಿದೆ. ಕೆಲಸವನ್ನು ಕೈಯಾರೆ ಮಾಡಿದವರು ಯಾರು, ಅದು ಯಾರಿಗಾಗಿ ನಡೆಯಿತು, ಮೊದಲು ಸ್ಥಿತಿ ಹೇಗಿತ್ತು ಮತ್ತು ಈಗ ಹೇಗಿದೆ, ಇದನ್ನು ತೋರಿಸುವ ದಾಖಲೆ ಯಾರ ಬಳಿ ಇದೆ ಎಂಬಷ್ಟೇ ಅದರಲ್ಲಿದ್ದ ಪ್ರಶ್ನೆಗಳು. ಮೂರನೆಯ ಪ್ರಶ್ನೆಗೆ ಉತ್ತರ ಬರೆಯಲು ಕುಳಿತಾಗಲೇ ಅನೇಕರಿಗೆ ತಮ್ಮ ಕೆಲಸ ಇನ್ನೂ ಅರ್ಧದಲ್ಲಿದೆ ಎಂಬುದು ಹೊಳೆಯುತ್ತಿತ್ತು. ಕಾಲೇಜುಗಳ ಗುಣಮಟ್ಟವನ್ನು ಅಳೆದು ಮಾನ್ಯತೆ ಕೊಡುವ ನ್ಯಾಕ್‌ಗೆ ಪ್ರತಿವರ್ಷ ಸಲ್ಲಿಸಬೇಕಾದ ಗುಣಮಟ್ಟ ವರದಿಗೂ ಇದೇ ಮಾಹಿತಿ ಬೇಕಾಗುವುದರಿಂದ ನಮ್ಮ ಆಂತರಿಕ ಗುಣಮಟ್ಟ ಕೋಶವೂ ಈ ನಮೂನೆಯನ್ನು ಒಪ್ಪಿಕೊಂಡಿತು.

ಅತಿ ಹೆಚ್ಚು ಸಮಯ ತೆಗೆದುಕೊಳ್ಳುವುದು ಪರಿಶೀಲನೆ. ಪೇಟೆಂಟಿನ ವಿಷಯವನ್ನೇ ನೋಡಿ. 'ನಮ್ಮ ಪ್ರಾಧ್ಯಾಪಕರಿಗೆ ಪೇಟೆಂಟ್ ದೊರೆತಿದೆ' ಎಂಬ ಟಿಪ್ಪಣಿಯ ಜೊತೆ ಬರುವ ಕಾಗದ ಎಷ್ಟೋ ಸಲ ಅರ್ಜಿ ಪ್ರಕಟವಾಗಿರುವುದನ್ನು ಮಾತ್ರ ಹೇಳುತ್ತಿರುತ್ತದೆ. 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಸಲ್ಲಿಸಿದ ಅರ್ಜಿ ಸಾಮಾನ್ಯವಾಗಿ 18 ತಿಂಗಳು ಕಳೆದ ಮೇಲೆ ಪ್ರಕಟವಾಗುತ್ತದೆ. ಬೇಗ ಪ್ರಕಟಿಸಿ ಎಂದು ಶುಲ್ಕ ಕಟ್ಟಿ ಕೋರಿದರೆ ಅದಕ್ಕೂ ಮುಂಚೆ ಆಗುತ್ತದೆ. ಆ ಹಂತದಲ್ಲಿ ಶೋಧ ಹೊಸದೇ ಎಂದು ಯಾರೂ ಪರೀಕ್ಷಿಸಿರುವುದಿಲ್ಲ. ಪರೀಕ್ಷೆಗೆ ಬೇರೆಯೇ ಕೋರಿಕೆ ಸಲ್ಲಿಸಬೇಕು, ಪರೀಕ್ಷಕರ ಆಕ್ಷೇಪಗಳಿಗೆ ಉತ್ತರಿಸಬೇಕು, ಅದೆಲ್ಲ ಮುಗಿದ ಮೇಲೆ ಮಂಜೂರಾತಿ. ಅರ್ಜಿ ಸಂಖ್ಯೆ ಕೈಯಲ್ಲಿದ್ದರೆ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಅದರ ಸ್ಥಿತಿಯನ್ನು ಯಾರು ಬೇಕಾದರೂ ನೋಡಬಹುದು. ಆದ್ದರಿಂದ ನಾವು 'ಅರ್ಜಿ ಸಲ್ಲಿಕೆ', 'ಅರ್ಜಿ ಪ್ರಕಟಣೆ', 'ಮಂಜೂರಾತಿ' ಎಂಬ ಮೂರನ್ನೂ ಬೇರೆ ಬೇರೆಯಾಗಿಯೇ ಬರೆಯುತ್ತೇವೆ. ಹೀಗೆ ಮಾಡಿದ ಮೊದಲ ಸಂಚಿಕೆಯಲ್ಲಿ ನಮ್ಮ ಪೇಟೆಂಟುಗಳ ಪಟ್ಟಿ ಬಹಳ ಚಿಕ್ಕದಾಗಿ ಕಂಡಿತು. ಅದರಿಂದ ನನಗೆ ಸಮಾಧಾನವೇ ಆಯಿತು, ಏಕೆಂದರೆ ಅದರಲ್ಲಿ ಉಳಿದದ್ದನ್ನು ಯಾರ ಮುಂದಾದರೂ ಧೈರ್ಯವಾಗಿ ಇಡಬಹುದಿತ್ತು.

ಸಂಶೋಧನಾ ಲೇಖನಗಳಿಗೂ ಇದೇ ಬಗೆಯ ಎಚ್ಚರ ಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಯೋಗ್ಯ ಸಂಶೋಧನಾ ಪತ್ರಿಕೆಗಳನ್ನು ಹೆಸರಿಸುತ್ತಿದ್ದ ತನ್ನ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟ ಮೇಲೆ ಪತ್ರಿಕೆಯ ಯೋಗ್ಯತೆಯನ್ನು ತೂಗಿ ನೋಡುವ ಹೊಣೆ ಸಂಸ್ಥೆಗಳ ಮೇಲೆಯೇ ಬಿದ್ದಿದೆ. ಒಳ್ಳೆಯ ಪತ್ರಿಕೆಯ ಹೆಸರನ್ನೂ ಅದನ್ನು ಗುರುತಿಸುವ ಐಎಸ್‌ಎಸ್‌ಎನ್ ಸಂಖ್ಯೆಯನ್ನೂ ನಕಲು ಮಾಡಿ ತೆರೆದ ತಾಣಗಳಿಗೆ ಯುವ ಸಹೋದ್ಯೋಗಿಗಳು ಹಣ ಕಟ್ಟಿ ಮೋಸಹೋಗುವುದನ್ನು ಕಂಡಿದ್ದೇನೆ. ಲೇಖನವನ್ನು ಅಂತರ್ಜಾಲದಲ್ಲಿ ಗುರುತಿಸುವ ಡಿಒಐ ಸಂಖ್ಯೆ ತೆರೆದುಕೊಳ್ಳುತ್ತದೆಯೇ, ಅದು ಪ್ರಕಾಶಕರ ಸ್ವಂತ ಪುಟಕ್ಕೇ ಒಯ್ಯುತ್ತದೆಯೇ, ಆರೋಗ್ಯ ವಿಷಯದ ಲೇಖನವಾದರೆ ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಸಿಗುತ್ತದೆಯೇ ಎಂದು ನೋಡಿಯೇ ಮುಂದುವರಿಯುತ್ತೇನೆ. ಆಮೇಲೆ ಲೇಖಕರನ್ನು ಕರೆದು ಕೂರಿಸಿಕೊಂಡು, ಈ ಅಧ್ಯಯನದಿಂದ ತಿಳಿದದ್ದನ್ನು ಒಬ್ಬ ತಾಯಿಗೆ ಅಥವಾ ಒಬ್ಬ ಶಾಲಾ ಶಿಕ್ಷಕರಿಗೆ ಎರಡು ವಾಕ್ಯದಲ್ಲಿ ಹೇಳಿ ಎಂದು ಕೇಳುತ್ತೇನೆ. ಅಚ್ಚಾಗುವುದು ಆ ಎರಡು ವಾಕ್ಯಗಳು.

ರ‍್ಯಾಂಕುಗಳ ವಿಷಯದಲ್ಲಿ ನನ್ನ ನಿಲುವು ಕೆಲವರಿಗೆ ಕಠಿಣವೆನಿಸಿದೆ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ರ‍್ಯಾಂಕ್ ಎಂದರೆ ರಾಜ್ಯದ ಉದ್ದಗಲದ ಕಾಲೇಜುಗಳ ವಿದ್ಯಾರ್ಥಿಗಳ ನಡುವೆ ಪಡೆದದ್ದು. ನಮ್ಮಂಥ ಡೀಮ್ಡ್ ವಿಶ್ವವಿದ್ಯಾಲಯದ ರ‍್ಯಾಂಕ್ ನಮ್ಮ ವಿದ್ಯಾರ್ಥಿಗಳ ನಡುವಿನದು. ಎರಡೂ ಪರಿಶ್ರಮದ ಫಲವೇ, ಆದರೆ ಓದುಗರಿಗೆ ಈ ವ್ಯತ್ಯಾಸ ತಿಳಿಯುವಂತೆ ಬರೆಯಬೇಕು. ಹಾಗೆಯೇ ಶೇಕಡಾ ನೂರು ಫಲಿತಾಂಶ ಎನ್ನುವಾಗ ಪ್ರವೇಶ ಪಡೆದವರೆಷ್ಟು, ಪರೀಕ್ಷೆಗೆ ಕುಳಿತವರೆಷ್ಟು ಎಂಬ ಎರಡು ಸಂಖ್ಯೆಗಳೂ ಜೊತೆಗಿರಬೇಕು. ನಮ್ಮ ಬಿ.ಇಡಿ. ಪದವೀಧರರು ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಮತ್ತು ನರ್ಸಿಂಗ್ ಪದವೀಧರರು ಏಮ್ಸ್ ನಡೆಸುವ ನರ್ಸಿಂಗ್ ಅಧಿಕಾರಿಗಳ ನೇಮಕಾತಿ ಪರೀಕ್ಷೆಯಾದ ನಾರ್ಸೆಟ್‌ನಲ್ಲಿ ತೇರ್ಗಡೆಯಾದ ಸುದ್ದಿಗೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಆ ಪರೀಕ್ಷೆಗಳ ಪ್ರಶ್ನೆಪತ್ರಿಕೆಯನ್ನು ನಾವು ಸಿದ್ಧಪಡಿಸಿರುವುದಿಲ್ಲ.

ನಮ್ಮ ವಾರ್ತಾಪತ್ರದ ದಿಕ್ಕನ್ನು ನಿಜವಾಗಿ ಬದಲಿಸಿದ್ದು ಎರಡೂ ನಿಕಾಯಗಳು ಸೇರಿ ಮಾಡಿದ ದೃಷ್ಟಿ ತಪಾಸಣೆಯ ಕೆಲಸ. ಶಿಕ್ಷಕ ತರಬೇತಿಯನ್ನು ನಿಯಂತ್ರಿಸುವ ಎನ್‌ಸಿಟಿಇಯ 2014ರ ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷದ ಕೋರ್ಸ್ ಆಯಿತು, ಶಾಲಾ ಇಂಟರ್ನ್‌ಶಿಪ್ 20 ವಾರಗಳಿಗೆ ವಿಸ್ತರಿಸಿತು. ಅದರಲ್ಲಿ 16 ವಾರ ಎರಡನೆಯ ವರ್ಷದಲ್ಲಿ. ಅಷ್ಟು ಕಾಲ ಒಂದೇ ಶಾಲೆಯಲ್ಲಿದ್ದರೆ ಪ್ರಶಿಕ್ಷಣಾರ್ಥಿಗೆ ಮಕ್ಕಳ ಮುಖಪರಿಚಯಕ್ಕಿಂತ ಹೆಚ್ಚಿನದು ಸಿಗುತ್ತದೆ. ಹಾಗೆ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿದ್ದ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ತಮ್ಮ ದಿನಚರಿಯಲ್ಲಿ ಒಬ್ಬ ಹುಡುಗಿಯ ಬಗ್ಗೆ ಬರೆದಿದ್ದರು. ಆಕೆ ಕರಿಹಲಗೆಯನ್ನು ನೋಡಿ ಬರೆಯದೆ ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಾಳೆ, ತಲೆಯನ್ನು ಒಂದು ಕಡೆಗೆ ವಾಲಿಸಿ ಕಣ್ಣು ಕಿರಿದು ಮಾಡುತ್ತಾಳೆ, ಬಾಯಿಲೆಕ್ಕದಲ್ಲಿ ಮುಂದಿದ್ದರೂ ಹಲಗೆಯ ಲೆಕ್ಕದಲ್ಲಿ ಅಂಕಿಗಳನ್ನು ತಪ್ಪಾಗಿ ಇಳಿಸಿಕೊಳ್ಳುತ್ತಾಳೆ. ಶಾಲೆಯ ದಾಖಲೆಯಲ್ಲಿ ಆಕೆ 'ಗಮನ ಸಾಲದ' ವಿದ್ಯಾರ್ಥಿನಿ. ಆ ದಿನಚರಿಯನ್ನು ಓದಿದ ಶಿಕ್ಷಣ ಕಾಲೇಜಿನ ಮಾರ್ಗದರ್ಶಕರು ಅದನ್ನು ನೇರವಾಗಿ ನಮ್ಮ ವಿಭಾಗಕ್ಕೆ ತಂದರು.

ನರ್ಸಿಂಗ್ ವಿದ್ಯಾರ್ಥಿಗಳು ದೃಷ್ಟಿ ಅಳೆಯುವ ಸ್ನೆಲೆನ್ ಅಕ್ಷರಪಟ್ಟಿಯನ್ನೂ ಇಂಗ್ಲಿಷಿನ 'ಇ' (E) ಅಕ್ಷರದ ಪಟ್ಟಿಯನ್ನೂ ತೆಗೆದುಕೊಂಡು ಆ ಶಾಲೆಗೆ ಹೋದರು. ಮಗು ಪಟ್ಟಿಯಿಂದ ಆರು ಮೀಟರ್ ದೂರ ನಿಲ್ಲಬೇಕು. ಸಾಮಾನುಗಳಿಂದ ತುಂಬಿದ ತರಗತಿಯಲ್ಲಿ ಅಷ್ಟು ಜಾಗವಿರಲಿಲ್ಲ, ಹಾಗಾಗಿ ಜಗಲಿಯಲ್ಲಿ ಟೇಪು ಹಿಡಿದು ಅಳೆದು ಸುಣ್ಣದ ಗೆರೆ ಎಳೆದರು. ಪಟ್ಟಿಯ ಹಿಂದಿನಿಂದ ಬಿಸಿಲು ಬಿದ್ದರೆ ಕಣ್ಣಿಗೆ ಹೊಡೆಯುತ್ತದೆಂದು ಅದನ್ನು ಗೋಡೆಗೆ, ಮಗುವಿನ ಕಣ್ಣಿನ ಎತ್ತರಕ್ಕೆ ತೂಗುಹಾಕಿದರು. ಕಣ್ಣು ಮುಚ್ಚುವಾಗ ಬೆರಳಿನಿಂದ ಒತ್ತದೆ ಅಂಗೈಯನ್ನು ಬಟ್ಟಲಿನಂತೆ ಹಿಡಿಯಬೇಕೆಂದು ಪ್ರತಿ ಮಗುವಿಗೂ ತೋರಿಸಿಕೊಟ್ಟರು, ಏಕೆಂದರೆ ಒತ್ತಿದ ಕಣ್ಣು ಕೆಲಹೊತ್ತು ಮಂಜಾಗಿಯೇ ಕಾಣುತ್ತದೆ ಮತ್ತು ಮುಂದಿನ ಪರೀಕ್ಷೆ ಕೆಡುತ್ತದೆ. ಆ ಹುಡುಗಿಯ ಬಲಗಣ್ಣು 6/24 ಸಾಲಿನಲ್ಲಿ ನಿಂತಿತು. ಸಹಜ ದೃಷ್ಟಿಯವರು 24 ಮೀಟರಿನಿಂದ ಓದಬಲ್ಲ ಅಕ್ಷರವನ್ನು ಆಕೆ ಆರು ಮೀಟರಿಗೆ ಬಂದರೆ ಮಾತ್ರ ಓದಬಲ್ಲಳು ಎಂದು ಇದರ ಅರ್ಥ.

ತಪಾಸಣೆ ಮುಗಿದ ವಾರವೇ 'ಉಚಿತ ನೇತ್ರ ತಪಾಸಣಾ ಶಿಬಿರ ಯಶಸ್ವಿಯಾಗಿ ಜರುಗಿತು' ಎಂಬ ವರದಿ ಚಿತ್ರಗಳೊಂದಿಗೆ ನನ್ನ ಮೇಜಿಗೆ ಬಂತು. ಅದನ್ನು ಆ ಸಂಚಿಕೆಯಲ್ಲಿ ಪ್ರಕಟಿಸುವುದು ಬೇಡವೆಂದೆ. ದೋಷ ಕಂಡ ಮಕ್ಕಳು ತಾಲ್ಲೂಕು ಆಸ್ಪತ್ರೆಯ ನೇತ್ರ ವಿಭಾಗಕ್ಕೆ ಹೋಗಿ ಬಂದು, ಕನ್ನಡಕ ಕೈಗೆ ಬಂದು, ಅದನ್ನು ಹಾಕಿಕೊಂಡು ತರಗತಿಯಲ್ಲಿ ಕುಳಿತ ಮೇಲೆ ಬರೆಯೋಣ ಎಂಬುದು ನನ್ನ ವಾದ. ಶೈಕ್ಷಣಿಕ ವರ್ಷದ ಲೆಕ್ಕ ಮುಚ್ಚುವ ಹೊತ್ತಾದ್ದರಿಂದ ಕೆಲವು ಸಹೋದ್ಯೋಗಿಗಳು ಒಪ್ಪಲಿಲ್ಲ. ಸಭೆಯಲ್ಲಿ ಮಾತು ಬಿಸಿಯೇರಿತು. ಪ್ರಾಂಶುಪಾಲರು ಕಾಯುವುದೇ ಸರಿ ಎಂದರು.

ಕಾದದ್ದರಿಂದ ಬರೆಯಬೇಕಾದ ನಿಜವಾದ ಸಂಗತಿಗಳು ಸಿಕ್ಕವು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ಆರೋಗ್ಯ ತಪಾಸಣೆಗೆಂದು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಭೇಟಿ ಕೊಡುತ್ತದೆ. ಆ ಭೇಟಿಯ ದಿನ ಗೈರುಹಾಜರಾದ ಮಗು ಮುಂದಿನ ವರ್ಷದವರೆಗೆ ಕಾಯಬೇಕು. ದೋಷ ಕಂಡ ಮಕ್ಕಳ ಹೆಸರಿನ ಪಟ್ಟಿಯನ್ನು ಆ ತಂಡದ ವೈದ್ಯರಿಗೆ ಒಪ್ಪಿಸಿದ್ದರಿಂದ ಮಕ್ಕಳನ್ನು ಮುಂದಿನ ಚಿಕಿತ್ಸೆಗೆ ಕಳಿಸುವುದು ಸುಲಭವಾಯಿತು. ಕನ್ನಡಕ ಬಂದ ಮೇಲೂ ಕೆಲವರು ಅದನ್ನು ಚೀಲದಲ್ಲಿಯೇ ಇಟ್ಟುಕೊಂಡಿದ್ದರು, ಏಕೆಂದರೆ ಗೆಳೆಯರು ಚುಡಾಯಿಸುತ್ತಿದ್ದರು, ಒಂದಿಬ್ಬರ ಮನೆಯಲ್ಲಿ ಹೆಣ್ಣುಮಗುವಿಗೆ ಕನ್ನಡಕ ಬೇಡವೆಂದಿದ್ದರು. ಇಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗಿಂತ ಬಿ.ಇಡಿ. ಪ್ರಶಿಕ್ಷಣಾರ್ಥಿಗಳ ಕೆಲಸವೇ ದೊಡ್ಡದು. ಅವರು ಬೆಳಕಿನ ವಕ್ರೀಭವನದ ಪಾಠವನ್ನು ಅದೇ ಕನ್ನಡಕಗಳನ್ನು ಇಟ್ಟುಕೊಂಡು ಮಾಡಿದರು, ಪಾಲಕರ ಸಭೆಯಲ್ಲಿ ತಾಯಂದಿರನ್ನೇ ಆ ಸುಣ್ಣದ ಗೆರೆಯ ಮೇಲೆ ನಿಲ್ಲಿಸಿ ಮಗಳಿಗೆ ಯಾವ ಸಾಲು ಕಾಣುತ್ತಿರಲಿಲ್ಲ ಎಂಬುದನ್ನು ತೋರಿಸಿದರು. ಆ ಹುಡುಗಿ ಈಗ ಹಲಗೆ ನೋಡಿಯೇ ಬರೆಯುತ್ತಾಳೆ ಎಂದು ತರಗತಿ ಶಿಕ್ಷಕರು ಹೇಳಿದ ಮೇಲೆ ನಾವು ಸುದ್ದಿಯನ್ನು ಅಚ್ಚು ಮಾಡಿದೆವು. ಅದರಲ್ಲಿ ಅತಿಥಿಗಳ ಹೆಸರಿರಲಿಲ್ಲ, ದಿನಚರಿ ಬರೆದ ಪ್ರಶಿಕ್ಷಣಾರ್ಥಿಯ ಹೆಸರು ಮೊದಲ ಸಾಲಿನಲ್ಲಿತ್ತು.

ಹುಡುಗಿಯ ಹೆಸರನ್ನಾಗಲಿ ಚಿತ್ರವನ್ನಾಗಲಿ ನಾವು ಹಾಕಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆಯನ್ನು ಕಡ್ಡಾಯ ಮಾಡುತ್ತದೆ. ಆದರೆ ಪಾಲಕರು ಸಹಿ ಹಾಕಿಕೊಟ್ಟರೂ ರೋಗದ ಅಥವಾ ನ್ಯೂನತೆಯ ಸಂಗತಿ ಇರುವಲ್ಲಿ ಮಗುವಿನ ಮುಖ ತೋರಿಸುವುದಿಲ್ಲ ಎಂಬುದು ನಮ್ಮ ಸಂಪಾದಕ ಮಂಡಲಿಯ ನಿಯಮ. ಚಿತ್ರ ಬೇಕೆನಿಸಿದರೆ ಜಗಲಿಯ ಗೆರೆ, ಗೋಡೆಯ ಪಟ್ಟಿ, ದಾಖಲೆ ಬರೆಯುತ್ತಿರುವ ವಿದ್ಯಾರ್ಥಿಯ ಕೈ ಸಾಕಾಗುತ್ತವೆ.

ಶಿಕ್ಷಣ ಮತ್ತು ಆರೋಗ್ಯದ ಈ ಜೊತೆಗೂಡಿಕೆ ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರಿನಲ್ಲಿ 1963ರಲ್ಲಿ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯ ಆರಂಭವಾಯಿತು, 1965ರಲ್ಲಿ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ. ಶ್ರವಣ ಪರೀಕ್ಷಕರೂ ವಿಶೇಷ ಶಿಕ್ಷಣದ ಬಿ.ಇಡಿ. ವಿದ್ಯಾರ್ಥಿಗಳೂ ಒಂದೇ ಆವರಣದಲ್ಲಿ ತಯಾರಾಗುವ ಆ ವಾಕ್ ಶ್ರವಣ ಸಂಸ್ಥೆಯನ್ನು ನೋಡಿ ಬಂದ ಮೇಲೆಯೇ ನಾನು ನಮ್ಮಲ್ಲಿ ಎರಡೂ ನಿಕಾಯಗಳ ಸುದ್ದಿಯನ್ನು ಬೇರೆ ಬೇರೆ ಪುಟಗಳಲ್ಲಿ ಹಾಕುವ ಪದ್ಧತಿಯನ್ನು ಬಿಟ್ಟೆ. ಈಗ ನಮ್ಮ ನರ್ಸಿಂಗ್ ವಿದ್ಯಾರ್ಥಿಗಳು ಪ್ರತಿ ವರ್ಷ ಬಿ.ಇಡಿ. ತರಗತಿಗೆ ಹೃದಯ ಪುನಶ್ಚೇತನ (ಸಿಪಿಆರ್) ಕಲಿಸುತ್ತಾರೆ: ಎದೆಯ ಮೇಲೆ ನಿಮಿಷಕ್ಕೆ 100ರಿಂದ 120 ಒತ್ತು, ವಯಸ್ಕರಿಗಾದರೆ ಕನಿಷ್ಠ ಐದು ಸೆಂಟಿಮೀಟರ್ ಆಳ. ವರದಿಯಲ್ಲಿ ನಾವು ಬರೆಯುವುದು ಹಾಜರಾದವರ ಸಂಖ್ಯೆಯನ್ನಲ್ಲ, ಕೆಲವು ತಿಂಗಳ ಬಳಿಕ ಗೊಂಬೆಯ ಮೇಲೆ ಮತ್ತೆ ಪರೀಕ್ಷಿಸಿದಾಗ ಸರಿಯಾಗಿ ಮಾಡಿ ತೋರಿಸಿದವರ ಸಂಖ್ಯೆಯನ್ನು.

ಮುಂದಿನ ಸಂಚಿಕೆಗೆ ಒಂದು ಸುದ್ದಿ ಕಾಯುತ್ತಿದೆ. ಹದಿಹರೆಯದವರಿಗೆ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ಬರಿ ಹೊಟ್ಟೆಯಲ್ಲಿ ನುಂಗಿದವರಿಗೆ ವಾಕರಿಕೆ ಬರುತ್ತದೆ, ಹಾಲಿನ ಜೊತೆ ತೆಗೆದುಕೊಂಡರೆ ಕಬ್ಬಿಣ ಹೀರಿಕೆಯಾಗುವುದು ಕಡಿಮೆ. ಕ್ಷೀರಭಾಗ್ಯದ ಹಾಲು ಬೆಳಿಗ್ಗೆ ಸಿಗುವುದರಿಂದ ಮಾತ್ರೆಯನ್ನು ಬಿಸಿಯೂಟದ ನಂತರವೇ ಕೊಡುವಂತೆ ಒಂದು ಶಾಲೆಯಲ್ಲಿ ನಮ್ಮ ವಿದ್ಯಾರ್ಥಿಗಳು ಶಿಕ್ಷಕರೊಂದಿಗೆ ಕೂತು ವೇಳಾಪಟ್ಟಿ ಮಾಡಿದ್ದಾರೆ. ಮಾತ್ರೆ ಬಿಸಾಡುವುದು ನಿಂತಿದೆ ಎಂದು ಮುಖ್ಯೋಪಾಧ್ಯಾಯರು ಹೇಳುತ್ತಿದ್ದಾರೆ. ವರದಿ ನನ್ನ ಕೈಗೆ ಬಂದಾಗಿದೆ, ಬರವಣಿಗೆಯೂ ಚೆನ್ನಾಗಿದೆ. ವರ್ಷಾಂತ್ಯದಲ್ಲಿ ಆ ಮಕ್ಕಳ ಹಿಮೋಗ್ಲೋಬಿನ್ ಪರೀಕ್ಷೆ ಮತ್ತೊಮ್ಮೆ ಮುಗಿದ ಮೇಲೆ ಎರಡು ಬಾರಿಯ ಅಂಕಿಗಳನ್ನೂ ಅಕ್ಕಪಕ್ಕದಲ್ಲಿಟ್ಟು ಅದನ್ನು ಪ್ರಕಟಿಸುತ್ತೇವೆ.