ಆಲೂಗಡ್ಡೆ ಬೇಗ ಕೆಡದಂತೆ ಇಡುವುದು ಹೇಗೆ?

ಆಲೂಗಡ್ಡೆ ಕೊಳ್ಳುವಾಗ ಒಂದನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ಉಜ್ಜಿ ನೋಡಿ. ಸಿಪ್ಪೆ ತೆಳ್ಳಗೆ ಸುಲಿದು ಬಂತಾ? ಹಾಗಾದರೆ ಅದು ಎಳೆಯದು, ಈಚೆಗಷ್ಟೇ ಕಿತ್ತದ್ದು. ರುಚಿ ಚೆನ್ನಾಗಿರುತ್ತದೆ, ಬಾಳಿಕೆ ಬರುವುದಿಲ್ಲ. ಹಾಸನದ ಕಡೆಯ ಮುಂಗಾರು ಬೆಳೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಸಂತೆಗೆ ಬರುತ್ತದೆ. ಮಳೆಯಲ್ಲಿ, ಹಸಿ ಮಣ್ಣಿನಿಂದ ಕಿತ್ತ ಗಡ್ಡೆ ಬೇಗ ಕೊಳೆಯುತ್ತದೆ. ಆಗ ವಾರಕ್ಕೆ ಬೇಕಾದಷ್ಟೇ ತನ್ನಿ. ಸಿಪ್ಪೆ ಬಿಗಿಯಾಗಿ ಕೂತಿದ್ದರೆ ಮಾತ್ರ 5 ಕೆ.ಜಿ. ಕೊಳ್ಳಿ.

ಮನೆಗೆ ಬಂದ ಕೂಡಲೇ ಪ್ಲಾಸ್ಟಿಕ್ ಕವರ್‌ನಿಂದ ಹೊರಗೆ ತೆಗೆಯಿರಿ. ಕಿತ್ತ ಮೇಲೂ ಆಲೂಗಡ್ಡೆ ಉಸಿರಾಡುತ್ತಲೇ ಇರುತ್ತದೆ. ಕವರ್ ಗಂಟು ಕಟ್ಟಿಟ್ಟರೆ ಒಳಗೆಲ್ಲ ಬೆವರಿನ ಹನಿ ಕೂರುತ್ತದೆ. ಹಳೇ ಪೇಪರ್ ಮೇಲೆ ಹರಡಿ, ಒಂದೊಂದನ್ನೇ ತಿರುಗಿಸಿ ನೋಡಿ. ಏಟು ಬಿದ್ದದ್ದು, ಗುದ್ದಲಿ ತಾಗಿದ್ದು, ಮೆತ್ತಗಿನದ್ದು ಬೇರೆ ಪಾತ್ರೆಗೆ. ಅವು ಮೊದಲು ಸಾರಿಗೆ, ಪಲ್ಯಕ್ಕೆ ಹೋಗಲಿ. ಮಣ್ಣಿದ್ದರೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ದಯವಿಟ್ಟು ತೊಳೆದಿಡಬೇಡಿ.

ಇನ್ನು ಜಾಗ. ತಂಪು, ಕತ್ತಲೆ, ಗಾಳಿ ಮೂರೂ ಬೇಕು. 7ರಿಂದ 10 ಡಿಗ್ರಿ ಸೆಲ್ಸಿಯಸ್ ಇದ್ದರೆ ಬಹಳ ಒಳ್ಳೆಯದು, ಆದರೆ ನಮ್ಮ ಮನೆಗಳಲ್ಲಿ ಅದೆಲ್ಲಿ ಸಿಗಬೇಕು, ಅಲ್ವಾ? ಒಲೆಯ ಹತ್ತಿರ, ಬಿಸಿಯಾಗುವ ಫ್ರಿಜ್ಜಿನ ಹಿಂಬದಿ, ತೇವದ ಸಿಂಕಿನ ಕೆಳಗೆ ಮಾತ್ರ ಬೇಡ. ನಾನು ಇಡುವುದು ಮಂಚದ ಕೆಳಗೆ. ಎರಡು ಇಟ್ಟಿಗೆ, ಮೇಲೊಂದು ಬಿದಿರಿನ ಬುಟ್ಟಿ, ಅದರ ಮೇಲೆ ಗೋಣಿಚೀಲದ ತುಂಡು.

ಆ ಗೋಣಿ ಇರುವುದು ಬೆಳಕು ತಡೆಯಲು. ಬಿಸಿಲೇ ಬೇಕೆಂದಿಲ್ಲ, ಟ್ಯೂಬ್‌ಲೈಟ್ ಬೆಳಕಿಗೂ ಆಲೂಗಡ್ಡೆ ಹಸಿರಾಗುತ್ತದೆ. ಆ ಹಸಿರು ಬಣ್ಣದಿಂದ ತೊಂದರೆಯಿಲ್ಲ. ಆದರೆ ಅದೇ ಬೆಳಕಿಗೆ ಸೋಲನಿನ್ ಎಂಬ ವಿಷವೂ ಹೆಚ್ಚುತ್ತದೆ. ಬಾಯಿಗೆ ಕಹಿ, ಜಾಸ್ತಿಯಾದರೆ ಹೊಟ್ಟೆನೋವು, ವಾಂತಿ. ಬೇಯಿಸಿದರೂ ಅದು ಹೋಗುವುದಿಲ್ಲ. ಸ್ವಲ್ಪವೇ ಹಸಿರಿದ್ದರೆ ಆ ಭಾಗವನ್ನು ದಪ್ಪಗೆ ಕೆತ್ತಿ ತೆಗೆಯಿರಿ. ಕಹಿಯಿದ್ದರೆ, ಹಸಿರು ಸುತ್ತಲೂ ಹಬ್ಬಿದ್ದರೆ ಪೂರ್ತಿ ಎಸೆಯಿರಿ. ಮಕ್ಕಳಿರುವ ಮನೆಯಲ್ಲಂತೂ ಇದರಲ್ಲಿ ಉಳಿತಾಯ ನೋಡಬೇಡಿ.

ಫ್ರಿಜ್‌ನಲ್ಲಿಟ್ಟರೆ ಆಗದೇ? ಮೊಳಕೆಯೇನೋ ಬರುವುದಿಲ್ಲ. ಆದರೆ ಆ ಚಳಿಗೆ ಪಿಷ್ಟ ಸಕ್ಕರೆಯಾಗುತ್ತದೆ. ಪಲ್ಯ ಸಿಹಿ ಸಿಹಿ, ಚಿಪ್ಸ್ ಕರಿದರೆ ಕಂದು. ಕೋಲ್ಡ್ ಸ್ಟೋರೇಜ್‌ನಿಂದ ಬರುವ ಗಡ್ಡೆ ಕೆಲವೊಮ್ಮೆ ಸಿಹಿ ಎನಿಸುವುದೂ ಇದಕ್ಕೇ. ಅದನ್ನು ಒಂದೆರಡು ವಾರ ಹೊರಗಿಟ್ಟರೆ ಸಿಹಿ ಸಾಕಷ್ಟು ಇಳಿಯುತ್ತದೆ.

ಈರುಳ್ಳಿಗೆ ಬೇರೆ ಬುಟ್ಟಿ, ಬೇರೆ ಮೂಲೆ. ಆಲೂಗಡ್ಡೆ ಬಿಡುವ ತೇವ ಅದಕ್ಕೆ ಆಗಿಬರುವುದಿಲ್ಲ.

ವಾರಕ್ಕೊಮ್ಮೆ ಬುಟ್ಟಿಯ ತಳದವರೆಗೂ ಕೈ ಹಾಕಿ ನೋಡಿ. ಗಡ್ಡೆ ಗಟ್ಟಿಯಾಗಿದ್ದು ಚಿಕ್ಕ ಮೊಳಕೆಯಿದ್ದರೆ ಚಿವುಟಿ, ಕಣ್ಣನ್ನು ಕೆತ್ತಿ ಬಳಸಬಹುದು. ಸುಕ್ಕುಗಟ್ಟಿ ಉದ್ದ ಮೊಳಕೆ ಬಂದಿದ್ದರೆ ಬೇಡ. ಒಂದು ವರ್ಷ ದಸರಾ ರಜೆ ಮುಗಿಸಿ ಬಂದು ಬಾಗಿಲು ತೆಗೆದರೆ ಮನೆಯೆಲ್ಲ ನಾತ. ತಳದಲ್ಲಿದ್ದ ಒಂದೇ ಒಂದು ಗಡ್ಡೆ ನೀರಾಗಿ ಪೇಪರಿಗೆ ಅಂಟಿಕೊಂಡಿತ್ತು. ಅದರ ರಸ ತಾಗಿದ ಆರೇಳು ಗಡ್ಡೆಗಳೂ ಕೆಟ್ಟಿದ್ದವು. ಈಗ ಊರಿಗೆ ಹೊರಡುವ ಹಿಂದಿನ ದಿನವೇ ಬುಟ್ಟಿ ಖಾಲಿ ಮಾಡುತ್ತೇನೆ. ಉಳಿದದ್ದಷ್ಟನ್ನೂ ಬೇಯಿಸಿ, ನಿಂಬೆಹುಳಿ ಹಿಂಡಿ ಒಣ ಪಲ್ಯ ಮಾಡಿ, ಚಪಾತಿ ಜೊತೆ ಬಸ್ಸಿಗೆ ಕಟ್ಟಿಕೊಳ್ಳುತ್ತೇವೆ.